ದೇವರು ಹೋದರೂ ನುಡಿ ಉಳಿಯಿತು

ನೂರಿಸ್ತಾನದ ಹೆಸರು ಕೇಳಿದ್ದೀರಾ? ಅಫ್ಘಾನಿಸ್ತಾನದ ಈಶಾನ್ಯಕ್ಕೆ, ಹಿಂದೂಕುಷ್ ಪರ್ವತದ ಕಡಿದಾದ ಕಣಿವೆಗಳಲ್ಲಿರುವ ನಾಡು ಅದು. ಅಲ್ಲಿನವರು ಮುಸ್ಲಿಮರಲ್ಲವೆಂದು ನೆರೆಯವರು ಹಿಂದೆ ಅದನ್ನು 'ಕಾಫಿರಿಸ್ತಾನ' ಎನ್ನುತ್ತಿದ್ದರು. ಅವರ ಹಿರಿಯ ದೇವರು ಇಮ್ರಾ. ಈ ಹೆಸರಿಗೂ ನಮ್ಮ 'ಯಮರಾಜ'ನಿಗೂ ಮೂಲ ಒಂದೇ ಎನ್ನುತ್ತಾರೆ ವಿದ್ವಾಂಸರು. ಸತ್ತ ಹಿರಿಯರ ಮರದ ಪ್ರತಿಮೆ ಕೆತ್ತಿ ನಿಲ್ಲಿಸುವುದು ಅವರ ವಾಡಿಕೆಯಾಗಿತ್ತು.

1895-96ರ ಚಳಿಗಾಲದಲ್ಲಿ ಕಾಬೂಲಿನ ಅಮೀರ ಅಬ್ದುರ್ ರಹಮಾನ್ ಖಾನನ ಸೈನ್ಯ ದಂಡೆತ್ತಿ ಬಂತು. ಗುಡಿಗಳು ಉರುಳಿದವು, ಜನರ ಮತಾಂತರವಾಯಿತು, ನಾಡಿಗೆ 'ಬೆಳಕಿನ ನಾಡು' ಎಂಬ ಅರ್ಥದ ಹೊಸ ಹೆಸರು ಬಂತು. ಕಾಬೂಲಿನ ವಸ್ತುಸಂಗ್ರಹಾಲಯ ಸೇರಿದ್ದ ಪ್ರತಿಮೆಗಳನ್ನೂ 2001ರಲ್ಲಿ ತಾಲಿಬಾನ್ ಒಡೆಯಿತು. ಕೆಲವನ್ನು ಆಮೇಲೆ ಜೋಡಿಸಿದ್ದಾರೆ.

ಉಳಿದದ್ದು ಮಾತು. ಕತಿ, ವಾಯಿಗಲಿ, ಅಶ್ಕುನ್, ಪ್ರಸುನ್ ಮೊದಲಾದ ಈ ನುಡಿಗಳನ್ನು ಇಂಡೋ-ಇರಾನಿ ಕುಟುಂಬದ ಮೂರನೆಯ ಕವಲೆಂದು ಹಲವು ಭಾಷಾವಿಜ್ಞಾನಿಗಳು ಎಣಿಸುತ್ತಾರೆ. ಸಂಸ್ಕೃತದ 'ದಶ' ಕತಿಯಲ್ಲಿ 'ದುತ್ಸ್'. ಆ 'ತ್ಸ್' ಸಂಸ್ಕೃತಕ್ಕಿಂತಲೂ ಹಳೆಯ ಉಚ್ಚಾರದ ಗುರುತು. ಅಲೆಕ್ಸಾಂಡರನ ಸೈನಿಕರ ಸಂತತಿ ಇವರೆಂಬ ಕಥೆಗೆ ಈ ನುಡಿಗಳಲ್ಲಿ ಆಧಾರವಿಲ್ಲ.

ಕಚೇರಿಯ ವ್ಯವಹಾರ ಹೆಚ್ಚಾಗಿ ಪಶ್ತೋ, ದರಿಗಳಲ್ಲಿ. ಈ ನುಡಿಗಳಿಗೆ ಮನೆ, ಕಣಿವೆಗಳೇ ಆಸರೆ. ಪರಊರಿನಲ್ಲಿ ಮಕ್ಕಳೊಡನೆ ಕನ್ನಡ ಆಡುವ ನಿಮಗೆ ಅದರ ಬೆಲೆ ಹೇಳಬೇಕೇ?