ಅಪಸ್ಮಾರ ಚಿಕಿತ್ಸೆಯಲ್ಲಿ ನ್ಯಾನೊತಂತ್ರಜ್ಞಾನದ ಇತಿಹಾಸ

ಅಪಸ್ಮಾರದ (ಮೂರ್ಛೆರೋಗದ) ಮದ್ದನ್ನು ಅತಿಸೂಕ್ಷ್ಮ ಕಣಗಳಲ್ಲಿ ತುಂಬಿ ಮಿದುಳಿಗೆ ತಲುಪಿಸುವ, ಅಂಥ ಕಣಗಳ ನೆರವಿನಿಂದ ಸೆಳೆತದ ಮೂಲವನ್ನು ಗುರುತಿಸುವ ವಿಧಾನಗಳು ಈ ಕ್ಷೇತ್ರಕ್ಕೆ ಸೇರುತ್ತವೆ. ಕಣಗಳ ಗಾತ್ರ ಸಾಮಾನ್ಯವಾಗಿ ಕೆಲವು ಹತ್ತರಿಂದ ಕೆಲವು ನೂರು ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು. ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದ್ದು, ಅವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನರ ಸೆಳೆತ ಈಗಿನ ಗುಳಿಗೆಗಳಿಗೆ ಬಗ್ಗುವುದಿಲ್ಲ. ಈ ಕ್ಷೇತ್ರ ಕಣ್ಣಿಟ್ಟಿರುವುದು ಮುಖ್ಯವಾಗಿ ಅವರ ಮೇಲೆ. ಮದ್ದನ್ನು ಮಿದುಳಿನೊಳಕ್ಕೆ ಹೇಗೆ ದಾಟಿಸುವುದು ಎಂಬ ಪ್ರಶ್ನೆಯಿಂದ ಅದು ಹೊರಟಿತು. ಮಿದುಳಿನ ಯಾವ ಜಾಗಕ್ಕೆ, ಯಾವ ಹೊತ್ತಿಗೆ ಎಂಬ ಪ್ರಶ್ನೆಗೆ ಹೊರಳಿದ ಮೇಲೆಯೇ ಅದಕ್ಕೆ ತನ್ನದೇ ಆದ ದಾರಿ ಸಿಕ್ಕಿತು.

ದಾಟಿಸುವ ಪ್ರಶ್ನೆಯ ಬೇರು ಹಳೆಯದು. 1885ರಲ್ಲಿ ಜರ್ಮನಿಯ ಪಾಲ್ ಎರ್ಲಿಖ್ ಪ್ರಾಣಿಗಳ ರಕ್ತಕ್ಕೆ ಬಣ್ಣ ಸೇರಿಸಿದಾಗ ಉಳಿದ ಅಂಗಗಳಿಗೆ ಬಣ್ಣ ಹತ್ತಿತು, ಮಿದುಳಿಗೆ ಹತ್ತಲಿಲ್ಲ. 1913ರಲ್ಲಿ ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ ಬಣ್ಣವನ್ನು ಮಿದುಳುಬಳ್ಳಿಯ ದ್ರವಕ್ಕೇ ಸೇರಿಸಿದಾಗ ಮಿದುಳು ಬಣ್ಣ ತಳೆಯಿತು. ಹೀಗೆ ರಕ್ತಕ್ಕೂ ಮಿದುಳಿಗೂ ನಡುವೆ ಒಂದು ತಡೆಗೋಡೆ ಇದೆಯೆಂಬುದು ಖಚಿತವಾಯಿತು. ಲೋಮನಾಳಗಳ ಒಳಪದರದ ಜೀವಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡಿರುವುದೇ ಆ ಗೋಡೆ ಎಂದು 1967ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿತು. ಆದರೆ 1912ರಲ್ಲಿ ಬಳಕೆಗೆ ಬಂದ ಫಿನೊಬಾರ್ಬಿಟಾಲ್ ಆಗಲಿ, 1938ರ ಫೆನಿಟೊಯಿನ್ ಆಗಲಿ ಈ ಗೋಡೆಗೆ ಎಡವಿ ನಿಲ್ಲಲಿಲ್ಲ. ಅವುಗಳ ಅಣುಗಳು ಚಿಕ್ಕವು, ಕೊಬ್ಬಿನಲ್ಲಿ ಕರಗುವಂಥವು. ತಾವಾಗಿಯೇ ಒಳಗೆ ಹೋಗುತ್ತವೆ.

1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ವಿವರಿಸಿದ ಲೈಪೋಸೋಮ್ ಎಂಬ ಕೊಬ್ಬಿನ ಗುಳ್ಳೆಗಳು ಮದ್ದಿಗೆ ವಾಹನ ಸಿಗಬಹುದೆಂಬ ಆಸೆ ಮೂಡಿಸಿದವು. 1995ರಲ್ಲಿ ಜರ್ಮನಿಯ ಯೋರ್ಗ್ ಕ್ರೊಯ್ಟರ್ ಮತ್ತು ಸಂಗಡಿಗರು ಪಾಲಿಸಾರ್ಬೇಟ್ 80 ಲೇಪಿಸಿದ ಪಾಲಿಮರ್ ಕಣಗಳ ಮೂಲಕ, ಸ್ವತಃ ಗೋಡೆ ದಾಟಲಾರದ ಡಾಲಾರ್ಜಿನ್ ಎಂಬ ಪೆಪ್ಟೈಡನ್ನು ಇಲಿಗಳ ಮಿದುಳಿಗೆ ಮುಟ್ಟಿಸಿದರು. ಇಂಥ ಕಣಗಳ ಮೇಲೆ ರಕ್ತದ ಅಪೊಲಿಪೊಪ್ರೋಟೀನ್ ಅಂಟಿಕೊಳ್ಳುವುದರಿಂದ ನಾಳದ ಕೋಶಗಳು ಅವನ್ನು ಕೊಬ್ಬಿನ ಕಣಗಳೆಂದೇ ಬಗೆದು ಒಳಗೆ ಬಿಟ್ಟುಕೊಳ್ಳುತ್ತವೆ ಎಂಬುದು ಅವರು ಕೊಟ್ಟ ವಿವರಣೆ. ಅಪಸ್ಮಾರದ ಹಳೆಯ ಮದ್ದಿನಲ್ಲಿ ಫಲ ಬೇರೆಯಾಯಿತು. 2000ದಲ್ಲಿ ವಾಲ್ಪ್ರೋಯಿಕ್ ಆಮ್ಲವನ್ನು ಕಣಗಳ ಜೊತೆ ಇಲಿಗಳಿಗೆ ಕೊಟ್ಟಾಗ ದೇಹದಲ್ಲಿ ಮದ್ದು ರೂಪಾಂತರಗೊಳ್ಳುವ ಬಗೆ ಬದಲಾಯಿತೇ ಹೊರತು ಮಿದುಳಿನಲ್ಲಿ ಅದರ ಪ್ರಮಾಣ ಏರಲಿಲ್ಲ. ತೆರೆದ ಬಾಗಿಲಿಗೆ ಕೀಲಿಕೈ ಮಾಡಿದಂತಾಗಿತ್ತು.

ಬಾಗಿಲು ಎಲ್ಲರಿಗೂ ತೆರೆದಿಲ್ಲ ಎಂಬ ಆಕ್ಷೇಪವಿದೆ, ಅದರಲ್ಲಿ ತೂಕವೂ ಇದೆ. ಮದ್ದಿಗೆ ಬಗ್ಗದ ರೋಗಿಗಳ ಮಿದುಳಿನ ಅಂಗಾಂಶದಲ್ಲಿ ಮದ್ದನ್ನು ಹೊರದೂಡುವ ಪಿ-ಗ್ಲೈಕೊಪ್ರೋಟೀನ್ ಹೆಚ್ಚಿರುವುದು 1995ರಲ್ಲೇ ವರದಿಯಾಗಿತ್ತು. ಕಣದೊಳಗೆ ಅಡಗಿದ ಮದ್ದು ಈ ಪ್ರೋಟೀನಿನ ಕಣ್ಣು ತಪ್ಪಿಸಬಹುದು. ಆದರೂ ಪ್ರತಿರೋಧಕ್ಕೆ ಅದೊಂದೇ ಕಾರಣವಲ್ಲ: ಮದ್ದು ಹಿಡಿಯಬೇಕಾದ ಅಯಾನು ನಾಳಗಳು ಮಾರ್ಪಟ್ಟಿರಬಹುದು, ನರಜಾಲದ ಹೆಣಿಗೆಯೇ ಕೆಟ್ಟಿರಬಹುದು. ಆಗ ಮಿದುಳಿನ ತುಂಬ ಮದ್ದು ತುಂಬಿದರೆ ಹೆಚ್ಚುವುದು ಮಂಪರು, ಮರೆವು. ಹಾಗಾಗಿ ಪ್ರಶ್ನೆ ಜಾಗ, ಹೊತ್ತುಗಳತ್ತ ಹೊರಳಿತು. 2008ರಲ್ಲಿ ಅಮೆರಿಕದ ಸಂಶೋಧಕರು ಟ್ರಿಪ್ಟೊಫಾನ್ ಮಾದರಿಯ ಅಣುವನ್ನು ಕಾಂತೀಯ ಕಣಗಳಿಗೆ ಜೋಡಿಸಿ, ಸೆಳೆತದ ಮೂಲ ಎಂಆರ್‌ಐ ಚಿತ್ರದಲ್ಲಿ ಕಾಣುವಂತೆ ಮಾಡಲು ಇಲಿಗಳಲ್ಲಿ ಪ್ರಯತ್ನಿಸಿದರು. 2014ರಲ್ಲಿ ಚೀನಾದ ತಂಡವೊಂದು ವಿದ್ಯುತ್ತಿಗೆ ಸ್ಪಂದಿಸುವ ಹೈಡ್ರೋಜೆಲ್ ಕಣಗಳಲ್ಲಿ ಫೆನಿಟೊಯಿನ್ ತುಂಬಿತು. ಸೆಳೆತದ ವಿದ್ಯುತ್ ಅಲೆ ಎದ್ದಾಗ ಕಣ ಮದ್ದನ್ನು ಬಿಡುತ್ತದೆ. ಜಾಗ ಮತ್ತು ಹೊತ್ತನ್ನು ಅರಿಯುವ ಈ ಗುಣ ಮಾಮೂಲಿ ಗುಳಿಗೆಗೆ ಇಲ್ಲ.

ಕಣಗಳ ಈ ಪ್ರಯೋಗಗಳೆಲ್ಲ ನಡೆದದ್ದು ಇಲಿಗಳಲ್ಲಿ. ಕಣಗಳು ಯಕೃತ್ತು, ಗುಲ್ಮಗಳಲ್ಲಿ ಸೇರಿಕೊಳ್ಳುತ್ತವೆ, ವರ್ಷಾನುಗಟ್ಟಲೆ ಸೇವಿಸಿದರೆ ಏನಾದೀತೆಂಬ ಅಳುಕು ಸಹಜ. ಇನ್ನೊಂದು ಆಕ್ಷೇಪಕ್ಕೆ ಕರ್ನಾಟಕದಲ್ಲೇ ಆಧಾರವಿದೆ. ನರವೈದ್ಯ ಡಾ. ಕೆ. ಎಸ್. ಮಣಿ ಮತ್ತು ಸಹೋದ್ಯೋಗಿಗಳು ಯಳಂದೂರಿನ ಹಳ್ಳಿಗಳಲ್ಲಿ ನಡೆಸಿ 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಅಧ್ಯಯನವು ಅಗ್ಗದ ಫಿನೊಬಾರ್ಬಿಟಾಲ್, ಫೆನಿಟೊಯಿನ್‌ಗಳಿಂದಲೇ ಬಹಳ ಜನರ ಸೆಳೆತ ಹತೋಟಿಗೆ ಬರುತ್ತದೆಂದು ತೋರಿಸಿತು. ಮೊದಲ ಗುಳಿಗೆಯೇ ಸಿಗದವರಿಗೆ ಬೇಕಾದದ್ದು ಆ ಗುಳಿಗೆ, ನ್ಯಾನೊಕಣವಲ್ಲ. ಗುಳಿಗೆ ತಪ್ಪದೆ ನುಂಗಿಯೂ ಸೆಳೆತ ನಿಲ್ಲದವರಿಗೆ ಮಾತ್ರ ಈ ಶೋಧ ಸಲ್ಲುತ್ತದೆ. ಸೆಳೆತದ ಜಾಗ, ಹೊತ್ತು ಅರಿತು ಮದ್ದು ಬಿಡುವ ಕಣಗಳು ಇನ್ನೂ ರೋಗಿಗಳ ವಾಡಿಕೆಯ ಚಿಕಿತ್ಸೆಗೆ ಬಂದಿಲ್ಲ.