ಹೂವಿನ ಸಮೀಪ ಛಾಯಾಗ್ರಹಣ: ರಾಯಚೂರು, ದೇವದುರ್ಗ, ಮಾನ್ವಿ

ಹೂವಿನ ಸಮೀಪ ಛಾಯಾಗ್ರಹಣವೆಂದರೆ ಕ್ಯಾಮೆರಾವನ್ನು ಹೂವಿನ ಹತ್ತಿರಕ್ಕೆ ಒಯ್ದು, ದಾರಿಯಲ್ಲಿ ನಡೆದುಹೋಗುವವರ ಕಣ್ಣಿಗೆ ಬೀಳದ ಎಸಳಿನ ನರ, ಕೇಸರ, ಪರಾಗದ ಹುಡಿಗಳನ್ನು ಚಿತ್ರದಲ್ಲಿ ತುಂಬಿಕೊಳ್ಳುವ ಕ್ರಮ. ಸೆನ್ಸರ್ ಮೇಲೆ ಬೀಳುವ ಬಿಂಬ ಹೂವಿನಷ್ಟೇ ದೊಡ್ಡದಾಗಿದ್ದರೆ ಅದು 1:1 ಹಿಗ್ಗುವಿಕೆ. ಮ್ಯಾಕ್ರೊ ಎಂಬ ಹೆಸರು ಕಟ್ಟುನಿಟ್ಟಾಗಿ ಸಲ್ಲುವುದು ಇಲ್ಲಿಂದ ಮುಂದಕ್ಕೆ. ಹೊಸಬರು ತೆಗೆಯುವ ಹೆಚ್ಚಿನ ಚಿತ್ರಗಳು 1:5ರಿಂದ 1:2ರ ಒಳಗಿರುತ್ತವೆ, ಕಲಿಕೆಗೆ ಅಷ್ಟು ಧಾರಾಳವಾಗಿ ಸಾಕು.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬ್ ಹೂದೋಟಗಳಿಗೆ ಹೆಸರಾದ ಸೀಮೆಯಲ್ಲ. ಆದರೂ ಸಮೀಪ ಛಾಯಾಗ್ರಹಣ ಕಲಿಯುವವರಿಗೆ ಇದು ಶ್ರೀಮಂತ ನೆಲ. ದೇವದುರ್ಗದ ಕಡೆ ಎರೆ ಹೊಲದ ಹತ್ತಿ, ತೊಗರಿ; ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿಯ ಕಡೆ ಭತ್ತ; ಎಲ್ಲೆಡೆ ಬದುಗಳ ಮೇಲೆ ತುಂಬೆ, ನೆಗ್ಗಿಲು, ಎಕ್ಕೆ, ಆವರಿಕೆ. ಕುಂಡದಲ್ಲಿ ಬೆಳೆದ ಒಂದು ಗುಲಾಬಿಯ ಮುಂದೆ ಕೂರುವುದಕ್ಕಿಂತ ಸಾವಿರಾರು ಹೂಗಳಿರುವ ಹತ್ತಿ ಹೊಲದಲ್ಲಿ ಕಲಿಕೆ ಬೇಗ ಆಗುತ್ತದೆ. ಅಲ್ಲಿ ಕಲಿಯಬೇಕಾದ ಮೊದಲ ಪಾಠ ಲೆನ್ಸಿನದಲ್ಲ, ಹೂವಿನ ವೇಳೆಯದು.

ಹೂವಿನ ವೇಳೆ

ಹತ್ತಿಯ ಹೂವು ಬೆಳಿಗ್ಗೆ ಕೆನೆ ಬಣ್ಣದಲ್ಲಿ ಅರಳುತ್ತದೆ. ಅಂದೇ ಪರಾಗಸ್ಪರ್ಶ ಮುಗಿದು, ಮಾರನೆಯ ದಿನದ ಹೊತ್ತಿಗೆ ಎಸಳುಗಳಲ್ಲಿ ಆಂಥೋಸಯನಿನ್ ತುಂಬಿ ಗುಲಾಬಿಗೆ, ಆಮೇಲೆ ಕೆಂಪಿಗೆ ತಿರುಗಿ ಮುದುಡುತ್ತದೆ. ಒಂದೇ ಗಿಡದಲ್ಲಿ ಎರಡು ಬಣ್ಣದ ಹೂಗಳು ಕಾಣುವುದು ಇದರಿಂದಲೇ. ಪರಾಗ ಗರಿಗರಿಯಾಗಿ ಕಾಣುವ ಚಿತ್ರ ಬೇಕಿದ್ದರೆ ಕೆನೆ ಹೂವನ್ನು ಅರಳಿದ ಬೆಳಿಗ್ಗೆಯೇ ಹಿಡಿಯಬೇಕು. ಮಧ್ಯಾಹ್ನದ ಮೇಲೆ ಎಷ್ಟು ದುಬಾರಿ ಲೆನ್ಸ್ ಇದ್ದರೂ ಆ ಹೂವು ಮರಳಿ ಸಿಗದು. ಹಳೆಯ ನಾಟಿ ಹತ್ತಿ ಎಲ್ಲಾದರೂ ಸಿಕ್ಕರೆ ಹಳದಿ ಎಸಳಿನ ಬುಡದಲ್ಲಿ ಗಾಢ ಕೆನ್ನೇರಳೆ ಮಚ್ಚೆ ಇರುತ್ತದೆ, ಅದನ್ನು ಮೇಲಿನಿಂದ ನೇರವಾಗಿ ನೋಡಿ ತೆಗೆಯುವುದು ಸೊಗಸು.

ಭತ್ತದ ಹೂವು ಇನ್ನೂ ಅವಸರದ್ದು. ಬಿಸಿಲೇರುವ ಹೊತ್ತಿಗೆ, ನಡುಬೆಳಗಿನಲ್ಲಿ, ಹೊಟ್ಟಿನ ಎರಡು ಹೋಳು ಬಿಚ್ಚಿ ಆರು ಪರಾಗಕೋಶಗಳು ಹೊರಗೆ ಜೋಲುತ್ತವೆ. ಸುಮಾರು ಒಂದು ಗಂಟೆಯಲ್ಲಿ ಹೊಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ನಮ್ಮ ತಟ್ಟೆಯ ಅನ್ನವೆಲ್ಲ ಹುಟ್ಟುವುದು ಈ ಒಂದು ಗಂಟೆಯಲ್ಲಿ, ಆದರೂ ಗುಲಾಬಿಗೆ ಸಿಕ್ಕ ಚಿತ್ರಗಳ ಒಂದು ಪಾಲೂ ಭತ್ತದ ಹೂವಿಗೆ ಸಿಕ್ಕಿಲ್ಲ. ಮಾನ್ವಿಯ ಹೊಸ ಛಾಯಾಗ್ರಾಹಕರು ತೆನೆ ಹೊರಟ ದಿನಗಳಲ್ಲಿ ಇದನ್ನು ಹಿಡಿದರೆ ಅದು ನಿಜಕ್ಕೂ ಬೇಕಾದ ಕೆಲಸ. ಜೋಳದ ತೆನೆ ತುದಿಯಿಂದ ಬುಡದ ಕಡೆಗೆ ದಿನದಿನಕ್ಕೆ ಇಳಿಯುತ್ತ ಹೂ ಬಿಡುತ್ತದೆ. ಸೂರ್ಯಪಾನದಲ್ಲಿ ನಾವು ಒಂದು ಹೂವೆನ್ನುವುದು ನೂರಾರು ಕಿರುಹೂಗಳ ಗೊಂಚಲು. ಅವು ಅಂಚಿನಿಂದ ನಡುವಿಗೆ ಬಳೆಬಳೆಯಾಗಿ ಅರಳುತ್ತವೆ. ಪೂರ್ತಿ ಬಲಿತ ತಲೆಗಳು ಪೂರ್ವಕ್ಕೇ ಮುಖಮಾಡಿ ನಿಲ್ಲುವುದರಿಂದ ಬೆಳಗಿನ ಬೆಳಕು ನೇರ ಅವುಗಳ ಮುಖಕ್ಕೆ ಬೀಳುತ್ತದೆ, ಸಂಜೆ ಅದೇ ಹೂವಿಗೆ ಹಿಂಬೆಳಕು. ಎಳ್ಳು, ಬೆಂಡೆ, ನೆಗ್ಗಿಲು ಬೆಳಗಿನವು, ಉಮ್ಮತ್ತಿ ಸಂಜೆಯದು.

ಹೊಲದ ಯಜಮಾನರಿಗೆ ಈ ವೇಳೆಗಳೆಲ್ಲ ಬಾಯಿಪಾಠ. ಯಾವ ಹೊಲ ಹೂವಿಗೆ ಬಂದಿದೆ ಎಂದು ಅವರನ್ನು ಕೇಳಿದವರಿಗೆ ಅರ್ಧ ಕೆಲಸ ಮುಗಿದಂತೆ.

ಎರೆ ಮಣ್ಣು ಮತ್ತು ಬೆಳಕು

ಹತ್ತಿ ಹೂವಿನ ಚಿತ್ರ ಸುಣ್ಣ ಬಳಿದಂತೆ ಬೆಳ್ಳಗಾಗಿ, ಎಸಳಿನ ನರಗಳೇ ಅಳಿಸಿಹೋಗುವುದು ಈ ಭಾಗದ ಹೊಸಬರಿಗೆ ಮತ್ತೆ ಮತ್ತೆ ಎದುರಾಗುವ ತೊಂದರೆ. ಕಾರಣ ಎರೆ ಮಣ್ಣು. ಕ್ಯಾಮೆರಾದ ಮೀಟರ್ ಚೌಕಟ್ಟಿನ ತುಂಬ ಕಪ್ಪು ನೆಲವನ್ನು ಕಂಡು ದೃಶ್ಯ ಮಬ್ಬಾಗಿದೆ ಎಂದು ತಿಳಿಯುತ್ತದೆ, ಬೆಳಕನ್ನು ಹೆಚ್ಚಿಗೆ ಒಳಬಿಡುತ್ತದೆ, ತಿಳಿಬಣ್ಣದ ಹೂವು ಸುಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು ಮೂರನೇ ಎರಡು ಸ್ಟಾಪಿನಿಂದ ಒಂದು ಸ್ಟಾಪಿನವರೆಗೆ ಇಳಿಸಿದರೆ ಇದು ಸರಿಹೋಗುತ್ತದೆ. ಮೊಬೈಲಿನಲ್ಲಿ ಹೂವಿನ ಮೇಲೆ ಬೆರಳಿಟ್ಟು, ಕಾಣಿಸುವ ಸೂರ್ಯನ ಗುರುತನ್ನು ಕೆಳಗೆಳೆದರಾಯಿತು. ಚೌಕಟ್ಟಿನ ತುಂಬ ತುಂಬೆಯ ಬಿಳಿ ಹೂಗಳೇ ಇದ್ದರೆ ಲೆಕ್ಕ ತಿರುಗುಮುರುಗು: ಅಲ್ಲಿ ಮೀಟರ್ ಬಿಳಿಯನ್ನು ಬೂದಿ ಮಾಡುತ್ತದೆ, ಬೆಳಕನ್ನು ಏರಿಸಬೇಕು. ಆವರಿಕೆ, ಚೆಂಡುಹೂವಿನಂಥ ಕಡು ಹಳದಿ–ಕೇಸರಿಗಳಲ್ಲಿ ಒಟ್ಟು ಹಿಸ್ಟೋಗ್ರಾಂ ಸರಿಯಿದ್ದಂತೆ ಕಂಡರೂ ಕೆಂಪು ಚಾನೆಲ್ ಒಂದೇ ತುಂಬಿ ಚೆಲ್ಲಿರುತ್ತದೆ. ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ನೋಡುವ ರೂಢಿ ಒಳ್ಳೆಯದು. 

ಆ ಕಪ್ಪು ನೆಲವೇ ಅಚ್ಚುಕಟ್ಟಾದ ಹಿನ್ನೆಲೆಯೂ ಹೌದು. ಹೂವಿನ ಮಟ್ಟಕ್ಕೆ ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ವಸ್ತು ಹೂವಿನಿಂದ ಮಾರು ದೂರವಾದರೂ ಇರುವಂತೆ ಕೋನ ಬದಲಿಸಿದರೆ ಕಡ್ಡಿ, ಕಳೆ, ವಿದ್ಯುತ್ ತಂತಿಗಳೆಲ್ಲ ಕರಗುತ್ತವೆ. ನಿಂತಲ್ಲಿಂದಲೇ ಬಗ್ಗಿ ತೆಗೆದ ಹೂವಿಗೂ ಮೊಣಕಾಲೂರಿ ತೆಗೆದ ಹೂವಿಗೂ ಇರುವ ವ್ಯತ್ಯಾಸ ಯಾವ ಸಲಕರಣೆಯೂ ತಂದುಕೊಡದು.

ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಊರುಗಳಲ್ಲಿ ಬಿಸಿಲು ಬೇಗ ಗಡುಸಾಗುತ್ತದೆ. ಸೂರ್ಯ ಹುಟ್ಟಿದ ಮೇಲಿನ ಒಂದೆರಡು ಗಂಟೆ ಮೆತ್ತನೆಯ ಬೆಳಕೂ ಇರುತ್ತದೆ, ಗಾಳಿಯೂ ಸಾಮಾನ್ಯವಾಗಿ ತಣ್ಣಗಿರುತ್ತದೆ. ಆ ಹೊತ್ತು ತಪ್ಪಿದರೆ ತೆಳುವಾದ ಬಿಳಿ ಪಂಚೆಯನ್ನು ಹೂವಿನ ಮೇಲೆ ಅಡ್ಡ ಹಿಡಿದರೆ ನೆರಳು ಮೃದುವಾಗುತ್ತದೆ. ಎದುರು ಬದಿಗೆ ಒಂದು ಬಿಳಿ ರಟ್ಟು ಇಟ್ಟರೆ ಕತ್ತಲಾದ ಪಾರ್ಶ್ವಕ್ಕೆ ಬೆಳಕು ಮರಳುತ್ತದೆ. ರಾಯಚೂರು ನಗರದವರಿಗೆ 1294ರ ಶಾಸನವಿರುವ ಕೋಟೆಯ ಗೋಡೆಗಳ ನೆರಳಿದೆ. ಕಲ್ಲುಸಂದುಗಳ ಕಳೆಹೂಗಳನ್ನು ಅಲ್ಲಿ ಹಗಲಲ್ಲೂ ತೆಗೆಯಬಹುದು, ನೆರಳು ತರುವ ನೀಲಿ ಛಾಯೆಯನ್ನು ವೈಟ್ ಬ್ಯಾಲೆನ್ಸ್‌ನಲ್ಲಿ ತಿದ್ದಿಕೊಳ್ಳಬೇಕು.

ಫೋಕಸ್ ಮತ್ತು ಗಾಳಿ

ಹತ್ತಿರ ಹೋದಷ್ಟೂ ಸ್ಪಷ್ಟತೆಯ ಆಳ ಕುಗ್ಗುತ್ತದೆ. ಫುಲ್ ಫ್ರೇಂ ಕ್ಯಾಮೆರಾದಲ್ಲಿ 1:1ರಲ್ಲಿ ಎಫ್/11 ಇಟ್ಟರೂ ಚೂಪಾಗಿ ಕಾಣುವುದು 1.3 ಮಿ.ಮೀ. ಆಸುಪಾಸಿನ ಪದರ ಮಾತ್ರ. 1:2ಕ್ಕೆ ಹಿಂದೆ ಸರಿದರೆ ಅದೇ 4 ಮಿ.ಮೀ. ಆಗುತ್ತದೆ. ಆದ್ದರಿಂದ ಯಾವುದು ಚೂಪಾಗಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಹೂವಿನಲ್ಲಿ ಸಾಮಾನ್ಯವಾಗಿ ಅದು ಕೇಸರದ ತುದಿ. ಎಸಳಿನ ನೆರಿಗೆ ಚೂಪಾಗಿ ಕೇಸರ ಮಸುಕಾದ ಚಿತ್ರ ನೋಡುವವರನ್ನು ತಡಕಾಡಿಸುತ್ತದೆ. ಕ್ಯಾಮೆರಾದ ಬೆನ್ನನ್ನು ಹೂವಿನ ಮುಖಕ್ಕೆ ಸಮಾನಾಂತರವಾಗಿ ಹಿಡಿದರೆ ಆ ತೆಳು ಪದರದಲ್ಲೇ ಹೆಚ್ಚು ಭಾಗ ಕೂರುತ್ತದೆ. ಆಟೋಫೋಕಸ್ ಹಿಂದೆ ಮುಂದೆ ತೂಗಾಡತೊಡಗಿದರೆ ಅದನ್ನು ಬಿಟ್ಟು, ಫೋಕಸ್ ಸ್ಥಿರವಾಗಿಟ್ಟು, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ಆಡಿಸುತ್ತ ಸಾಲಾಗಿ ಕೆಲವು ಚಿತ್ರ ತೆಗೆಯುವುದು ಹಳೆಯ, ನಂಬಬಹುದಾದ ದಾರಿ.

ಅಪರ್ಚರ್ ಅನ್ನು ಎಫ್/22ರವರೆಗೆ ಕಿರಿದಾಗಿಸುವ ಆಸೆ ಬೇಡ. ವಿವರ್ತನೆಯಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ, ಬೆಳಕು ಸಾಲದೆ ಶಟರ್ ನಿಧಾನವಾಗುತ್ತದೆ, ಮುಂಗಾರಿನ ಬೀಸುಗಾಳಿಯಲ್ಲಿ ಅದರ ಫಲ ಬರಿ ಮಸುಕು. ಎಫ್/8ರಿಂದ ಎಫ್/11, ಶಟರ್ ಸೆಕೆಂಡಿನ 1/250 ಭಾಗ ಅಥವಾ ಅದಕ್ಕಿಂತ ವೇಗ, ಅದಕ್ಕೆ ಬೇಕಾದಷ್ಟು ಐಎಸ್‌ಒ. ಐಎಸ್‌ಒ ಏರಿ ಹರಳುಹರಳಾದ ಚಿತ್ರವನ್ನು ತಿದ್ದಬಹುದು, ಅಲುಗಿದ್ದನ್ನು ತಿದ್ದಲಾಗದು. ಗಾಳಿಗೆ ಬೆನ್ನುಕೊಟ್ಟು ಮೈಯಿಂದಲೇ ಹೂವಿಗೆ ಮರೆ ಮಾಡಿದರೆ ತೊನೆತ ತಗ್ಗುತ್ತದೆ. ಹಲವು ಫೋಕಸ್‌ಗಳ ಚಿತ್ರಗಳನ್ನು ಒಂದಾಗಿಸುವ ಸ್ಟ್ಯಾಕಿಂಗ್ ವಿಧಾನ ಬಯಲುಸೀಮೆಯ ಹೊಲದಲ್ಲಿ ಅಪರೂಪಕ್ಕಷ್ಟೇ ಕೈಗೂಡುತ್ತದೆ.

ಸಲಕರಣೆ

ಅಂಗೈಯ ಮುಕ್ಕಾಲಿನಷ್ಟಿರುವ ಹತ್ತಿ ಹೂವಿಗೆ ಮೊಬೈಲೇ ಸಾಕು. ಕಡಿಮೆ ಬೆಲೆಯ ಹಲವು ಫೋನುಗಳ 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕಣ್ಣಿಗಿಂತ ಮುಖ್ಯ ಕ್ಯಾಮೆರಾದಿಂದ ತುಸು ದೂರದಲ್ಲಿ ತೆಗೆದು ಕತ್ತರಿಸಿದ ಚಿತ್ರ ಚೆನ್ನಾಗಿ ಬರುತ್ತದೆ. ಬೆರಳುಗುರಿಗಿಂತ ಚಿಕ್ಕದಾದ ವಿಷ್ಣುಕ್ರಾಂತಿಗೆ ಮಾತ್ರ ಹೆಚ್ಚು ಹಿಗ್ಗುವಿಕೆ ಬೇಕು. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಸೇರಿಸಿದರೆ 1:2, 50 ಮಿ.ಮೀ. ಸೇರಿಸಿದರೆ 1:1. ಮುಂದೆ ತಿರುಗಿಸಿ ಕೂರಿಸುವ +4 ಡಯಾಪ್ಟರ್ ಗಾಜು ಲೆನ್ಸನ್ನು 25 ಸೆಂ.ಮೀ. ಹತ್ತಿರಕ್ಕೆ ಒಯ್ಯುತ್ತದೆ. ಬಿಡಿ ಮ್ಯಾಕ್ರೊ ಲೆನ್ಸ್ ಕೊಳ್ಳುವುದು ಇವೆಲ್ಲ ಕೈಗೆ ಹತ್ತಿದ ಮೇಲೆ. ಕೈಯಲ್ಲಿದ್ದುದರಿಂದಲೇ ಬಹಳಷ್ಟು ಸಾಧ್ಯ: ಜರ್ಮನಿಯ ಛಾಯಾಗ್ರಾಹಕ ಕಾರ್ಲ್ ಬ್ಲಾಸ್‌ಫೆಲ್ಟ್ ತಾನೇ ಜೋಡಿಸಿಕೊಂಡ ಕ್ಯಾಮೆರಾಗಳಿಂದ ಮೊಗ್ಗು, ಬಳ್ಳಿತುದಿಗಳನ್ನು ಮೂವತ್ತು ಪಟ್ಟಿನವರೆಗೆ ಹಿಗ್ಗಿಸಿ ತೆಗೆದ ಚಿತ್ರಗಳ ಪುಸ್ತಕ 1928ರಲ್ಲೇ ಬಂದಿತ್ತು.

ಹೊಲದಲ್ಲಿ ಎಚ್ಚರ

ಹತ್ತಿಗೆ ಔಷಧಿ ಹೊಡೆದದ್ದು ಯಾವಾಗ ಎಂದು ಕೇಳದೆ ಸಾಲಿನೊಳಗೆ ಇಳಿಯಬಾರದು. ಮುಖವನ್ನು ಹೂವಿನ ಹತ್ತಿರ ತರುವವರಿಗೆ ಅದರ ಅಪಾಯ ಹೆಚ್ಚು. ಎಕ್ಕೆಯ ಹಾಲು ತಗುಲಿದ ಬೆರಳಿನಿಂದ ಕಣ್ಣುಜ್ಜಿದರೆ ಕಣ್ಣಿನ ಕರಿಗುಡ್ಡೆಯ ಪಾರದರ್ಶಕ ಪೊರೆಗೇ ಹಾನಿ. ಬಿರುಕು ಬಿಟ್ಟ ಎರೆಯಲ್ಲಿ ಮಂಡಿಯೂರುವ ಮುನ್ನ ಹಾವಿದೆಯೇ ನೋಡಬೇಕು, ಮೊಸಳೆಗಳಿರುವ ಕೃಷ್ಣೆಯ ದಂಡೆಯಲ್ಲಿ ನೀರಂಚಿಗೆ ಹೋಗಬಾರದು. ಚಿತ್ರಕ್ಕೆ ಅಡ್ಡವಾಯಿತೆಂದು ಮುರಿಯುವ ಹತ್ತಿಯ ರೆಂಬೆ ಒಬ್ಬರ ವರ್ಷದ ದುಡಿಮೆ.

ದಾಖಲೆ

ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ‘ಹಸುರು ಹೊನ್ನು’ ಕೃತಿಗೆ ಚಿತ್ರಗಳನ್ನು ತಾವೇ ಬರೆದರು. ಎಲೆ, ಕಾಂಡ, ಹೂವಿನ ಜೋಡಣೆಗಳನ್ನು ಗುರುತು ಹತ್ತುವಂತೆ ತೋರಿಸುವ ಆ ಶಿಸ್ತು ಕ್ಯಾಮೆರಾದವರಿಗೂ ಬೇಕು. ಹೂವಿನ ಮುಖದ ಒಂದು ಸುಂದರ ಚಿತ್ರದಿಂದ ಸಸ್ಯದ ಹೆಸರು ಹಿಡಿಯುವುದು ಹಲವು ಸಲ ಆಗದ ಕೆಲಸ. ಹೂವಿನ ಬೆನ್ನು, ತೊಟ್ಟು, ಎಲೆಯ ಎರಡೂ ಮೈ, ಕಾಯಿ, ಇಡೀ ಗಿಡ ಇವುಗಳ ಚಿತ್ರವನ್ನೂ ಸೇರಿಸಿ, ದಿನಾಂಕ ಮತ್ತು ಊರಿನ ಹೆಸರಿನೊಂದಿಗೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಏರಿಸಿದರೆ ತಿಳಿದವರು ಗುರುತಿಸಿಕೊಡುತ್ತಾರೆ. ಊರಿನಲ್ಲಿ ಕರೆಯುವ ಹೆಸರನ್ನು ಹೊಲದವರಿಂದ ಕೇಳಿ ಅದರ ಜೊತೆಗೇ ಬರೆದಿಡಬೇಕು.