ಇಂಗ್ಲಿಷ್ ಪಂಕ್ತಿಯಲ್ಲಿ ದೇವನಾಗರಿಯ ಮುದ್ರಣ

ರೋಮನ್ ಅಕ್ಷರಗಳು ಒಂದು ಆಧಾರರೇಖೆಯ ಮೇಲೆ ನಿಲ್ಲುತ್ತವೆ; ದೇವನಾಗರಿಯ ಅಕ್ಷರಗಳಾದರೋ ಶಿರೋರೇಖೆಯಿಂದ ಕೆಳಕ್ಕೆ ತೂಗುತ್ತವೆ. ಆ ರೇಖೆಯ ಮೇಲ್ಗಡೆ ಏಕಾರ, ಐಕಾರ, ರೇಫ, ಅನುಸ್ವಾರಗಳೂ ಅಕ್ಷರದ ಅಡಿಯಲ್ಲಿ ಉಕಾರ, ಋಕಾರಗಳೂ ಬಂದು ಸೇರುವುದರಿಂದ ಈ ಲಿಪಿಗೆ ರೋಮನ್ನಿಗಿಂತ ಹೆಚ್ಚು ಎತ್ತರ ಬೇಕಾಗುತ್ತದೆ. ಹಿಂದಿಯೊಂದನ್ನೇ ಅಚ್ಚು ಹಾಕುವಾಗ ಇದರಿಂದ ಬಾಧಕವಿಲ್ಲ. ವ್ಯಾಕರಣ, ನಿಘಂಟು, ವಿಜ್ಞಾನಗ್ರಂಥಗಳಲ್ಲಿ ಎರಡು ಲಿಪಿಗಳೂ ಒಂದೇ ಪಂಕ್ತಿಯಲ್ಲಿ ಬರಬೇಕಾದಾಗ ಯಾವುದರ ಅಳತೆಗೆ ಯಾವುದು ಮಣಿಯಬೇಕೆಂಬ ಪ್ರಶ್ನೆ ಏಳುತ್ತದೆ. ಇದು ಬರಿಯ ಅಂದದ ಮಾತಲ್ಲ. ನಾಗರಿಯನ್ನು ಕುಗ್ಗಿಸಿದರೆ ಮೊದಲು ಮಾಸಿಹೋಗುವುವು ತಲೆಯ ಮೇಲಣ ಚಿಹ್ನೆಗಳೇ. ಹಿಂದಿಯಲ್ಲಿ 'ಒಳಗೆ' ಎಂಬರ್ಥದ 'ಮೇಂ' ಎಂಬುದಕ್ಕೂ 'ನಾನು' ಎಂಬರ್ಥದ 'ಮೈಂ' ಎಂಬುದಕ್ಕೂ ಬರೆಹದಲ್ಲಿರುವ ಭೇದ ರೇಖೆಯ ಮೇಲಣ ಒಂದು ಗೀರು ಮಾತ್ರ.

ಹಿಂದಿಗೂ ಸಂಸ್ಕೃತಕ್ಕೂ ಲಿಪಿ ಒಂದೇ ಆದಕಾರಣ ಈ ಚರಿತ್ರೆ ಸಂಸ್ಕೃತ ವ್ಯಾಕರಣಗಳಿಂದ ಮೊದಲಾಗುತ್ತದೆ. 1778ರಲ್ಲಿ ಹೂಗ್ಲಿಯಲ್ಲಿ ಅಚ್ಚಾದ ಹಾಲ್‌ಹೆಡ್ಡನ ಬಂಗಾಳಿ ವ್ಯಾಕರಣಕ್ಕೆ ಮೊಳೆಗಳನ್ನು ಮಾಡಿಕೊಟ್ಟ ಚಾರ್ಲ್ಸ್ ವಿಲ್ಕಿನ್ಸನು ಸ್ವದೇಶಕ್ಕೆ ಮರಳಿದ ಮೇಲೆ, 1795ರಲ್ಲಿ, ದೇವನಾಗರಿಗೆ ಕೈಹಾಕಿದನು. ಉಕ್ಕಿನಲ್ಲಿ ಅಕ್ಷರಗಳನ್ನು ಕೊರೆದು, ಎರಕದ ಅಚ್ಚುಗಳನ್ನು ಮಾಡಿ, ಮೊಳೆಗಳನ್ನು ಎರೆದವನು ತಾನೇ. 16 ಪುಟಗಳ ಕರಡು ತೆಗೆದಿದ್ದಾಗ ಮನೆಗೆ ಬೆಂಕಿ ಬಿದ್ದಿತು. ಪುಸ್ತಕಗಳೂ ಹಸ್ತಪ್ರತಿಗಳೂ, ಕೊರೆದ ಉಕ್ಕಿನ ಅಕ್ಷರಗಳಲ್ಲಿ ಬಹುಭಾಗವೂ ಉಳಿದುವು; ಹೊರಕ್ಕೆ ಎಸೆದ ಮೊಳೆಗಳು ಹುಲ್ಲಿನ ಮೇಲೆ ಚೆಲ್ಲಾಡಿ ನಿರುಪಯುಕ್ತವಾದುವು. ಈಸ್ಟ್ ಇಂಡಿಯಾ ಕಂಪನಿಯು ಹರ್ಟ್‌ಫರ್ಡಿನಲ್ಲಿ ಕಾಲೇಜನ್ನು ಸ್ಥಾಪಿಸಿ ವ್ಯಾಕರಣದ ಅಗತ್ಯ ತಲೆದೋರಿದಾಗ ಆತನು ಪುನಃ ಮೊಳೆ ಎರೆಯಿಸಿ 1808ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಇತ್ತ ಶ್ರೀರಾಮಪುರದಲ್ಲಿ ಪಂಚಾನನ ಕರ್ಮಕಾರನು ಪಾದ್ರಿಗಳಿಗಾಗಿ ನಾಗರಿಯನ್ನು ಕೊರೆದುಕೊಟ್ಟಿದ್ದನು. ಬಂಗಾಳಿಯ ಕೆಲಸದಲ್ಲಿ ವಿಲ್ಕಿನ್ಸನಿಗೆ ನೆರವಾದ ಕಮ್ಮಾರನೂ ಈತನೇ ಎಂಬುದು ಮರೆಯತಕ್ಕ ಸಂಗತಿಯಲ್ಲ.

ಸೀಸದ ಮೊಳೆಗಳ ಕಾಲದಲ್ಲಿ ನಾಗರಿಯ ಮೊಳೆ ರೋಮನ್ ಮೊಳೆಗಿಂತ ಎತ್ತರವಾಗಿದ್ದರೆ, ಇಂಗ್ಲಿಷ್ ಪದಗಳ ಮೇಲೂ ಕೆಳಗೂ ಸೀಸದ ಪಟ್ಟಿಗಳನ್ನು ತುರುಕಿ ಪಂಕ್ತಿಯನ್ನು ಸಮಮಾಡಬೇಕಾಗಿತ್ತು. 1884ರಲ್ಲಿ ಲಂಡನ್ನಿನಲ್ಲಿ ಹೊರಬಂದ ಪ್ಲಾಟ್ಸನ ಉರ್ದು–ಹಿಂದಿ–ಇಂಗ್ಲಿಷ್ ನಿಘಂಟಿನಲ್ಲಿ ಬಲದಿಂದ ಎಡಕ್ಕೆ ಓದುವ ಉರ್ದು, ರೇಖೆಯಿಂದ ತೂಗುವ ನಾಗರಿ, ಆಧಾರದ ಮೇಲೆ ನಿಲ್ಲುವ ರೋಮನ್, ಈ ಮೂರೂ ಒಂದೇ ಪಂಕ್ತಿಯಲ್ಲಿವೆ. ಅದರ ಪುಟಗಳನ್ನು ನೋಡಿದವರು ಗ್ರಂಥಕರ್ತನಿಗೆ ಸಲ್ಲಿಸುವ ಗೌರವದಲ್ಲಿ ಒಂದು ಪಾಲನ್ನು ಮೊಳೆ ಜೋಡಿಸಿದವನಿಗೂ ಸಲ್ಲಿಸಬೇಕು. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟಿಗೂ ಒತ್ತಕ್ಷರಗಳ ದೆಸೆಯಿಂದ ಇಂಥದೇ ತೊಡಕು ಉಂಟು. ಆದರೆ ಪದವನ್ನೆಲ್ಲ ಪೋಣಿಸುವ ಶಿರೋರೇಖೆ ಕನ್ನಡಕ್ಕಿಲ್ಲ. 1930ರ ದಶಕದಲ್ಲಿ ಹರಿ ಗೋವಿಂದ ಗೋವಿಲರ ಪ್ರಯತ್ನದಿಂದ ನಾಗರಿಯು ಲೈನೋಟೈಪ್ ಯಂತ್ರವನ್ನು ಹೊಕ್ಕಿತು. 90 ಕೀಲಿಗಳ ಆ ಯಂತ್ರಕ್ಕೆ ಹೊಂದಲು ಲಿಪಿಯೇ ತನ್ನ ಸಂಯುಕ್ತಾಕ್ಷರಗಳನ್ನು ಬಿಡಿಸಿಕೊಳ್ಳಬೇಕಾಯಿತು.

1949ರ ಸೆಪ್ಟೆಂಬರ್ 14ರಂದು ಸಂವಿಧಾನಸಭೆಯು ಭಾಷೆಯ ವಿಚಾರವನ್ನು ತೀರ್ಮಾನಿಸಿದಾಗ, ಅಕ್ಷರಕ್ಕಿಂತ ಅಂಕೆಯ ವಿವಾದ ಕಡಿಮೆಯಾಗಿರಲಿಲ್ಲ. 343ನೆಯ ಅನುಚ್ಛೇದದ ಪ್ರಕಾರ ಒಕ್ಕೂಟದ ಲಿಪಿ ದೇವನಾಗರಿ. ಅಂಕೆಗಳಾದರೋ ಭಾರತೀಯ ಅಂಕೆಗಳ ಅಂತರರಾಷ್ಟ್ರೀಯ ರೂಪ. ಹೀಗೆ ಶುದ್ಧ ಹಿಂದಿಯ ಸರಕಾರಿ ಪುಟದಲ್ಲಿಯೂ ಶಿರೋರೇಖೆಯಿಲ್ಲದ ಚಿಹ್ನೆಗಳು ನೆಲೆಸಿದುವು. 1961ರಲ್ಲಿ ಸ್ಥಾಪಿತವಾದ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಭಾಷಾ ಆಯೋಗದ ನಿಯಮಗಳು ಇನ್ನೂ ಸೂಕ್ಷ್ಮ. ಸೆಂಟಿಮೀಟರಿನ ಸಂಕ್ಷೇಪವನ್ನು ಮಕ್ಕಳ ಹಾಗೂ ಜನಪ್ರಿಯ ಪುಸ್ತಕಗಳಲ್ಲಿ ನಾಗರಿಯಲ್ಲಿ ಬರೆಯಬಹುದು. ಪ್ರೌಢ ಗ್ರಂಥಗಳಲ್ಲಿ ರೋಮನ್ ಸಂಕೇತವೇ ಬೇಕು. ರೇಖಾಗಣಿತದ ಆಕೃತಿಗಳಿಗೆ ಕ, ಖ, ಗ ಎಂಬ ಹೆಸರುಗಳು ಸಲ್ಲುತ್ತವೆ. ತ್ರಿಕೋನಮಿತಿಯ ಸಂಬಂಧಗಳಿಗೆ ರೋಮನ್ ಮತ್ತು ಗ್ರೀಕ್ ಅಕ್ಷರಗಳು ಮಾತ್ರ. ಅಂದಮೇಲೆ ಲಿಪಿಗಳ ಮಿಶ್ರಣವು ಆಕಸ್ಮಿಕವಲ್ಲ. ಹಿಂದಿಯ ವಿಜ್ಞಾನಗ್ರಂಥಕ್ಕೆ ಅದು ವಿಧಿಯೇ ಆಯಿತು.

ಗಣಕಯಂತ್ರದ ಕಾಲದಲ್ಲಿಯೂ ಆಧಾರರೇಖೆಯೇ ಮೇಲುಗೈ ಪಡೆಯಿತು. ಗಣಿತಗ್ರಂಥಗಳ ಜೋಡಣೆಗಾಗಿ ಡೊನಾಲ್ಡ್ ಕ್ನೂತ್ ಅವರು 1978ರಲ್ಲಿ ಹೊರತಂದ ಟೆಕ್ ಎಂಬ ಕ್ರಮವಿಧಿಯಲ್ಲಿ ಪ್ರತಿಯೊಂದು ಅಕ್ಷರವೂ ಒಂದು ಪೆಟ್ಟಿಗೆ. ಅದರ ಎತ್ತರವನ್ನೂ ಆಳವನ್ನೂ ಅಳೆಯುವುದು ಆಧಾರರೇಖೆಯಿಂದ. 1991ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್ ವಿಶ್ವವಿದ್ಯಾಲಯದ ಫ್ರಾನ್ಸ್ ವೆಲ್ಟ್‌ಹೌಸ್ ಅವರು ಇದಕ್ಕೆ ದೇವನಾಗರಿಯನ್ನು ಅಳವಡಿಸಿದರು. ಬರೆಯುವವನು ಹಿಂದಿಯನ್ನು ರೋಮನ್ ಅಕ್ಷರಗಳಲ್ಲಿಯೇ ಟೈಪು ಮಾಡಿ ಒಂದು ಗುರುತಿನೊಳಗೆ ಇಡುತ್ತಿದ್ದನು. ದೀರ್ಘಸ್ವರಕ್ಕೆ ಅಕ್ಷರದ ದ್ವಿರುಕ್ತಿ, ಮೂರ್ಧನ್ಯಕ್ಕೆ ಅಕ್ಷರಕ್ಕೆ ಮುಂಚೆ ಒಂದು ಚುಕ್ಕೆ. ಗುರುತಿನ ಹೊರಗಿನ ಇಂಗ್ಲಿಷನ್ನು ಮುಟ್ಟದೆ, ಒಳಗಿನದನ್ನು ಮಾತ್ರ ನಾಗರಿಗೆ ತಿರುಗಿಸುವುದು ಒಂದು ಪೂರ್ವಸಂಸ್ಕಾರಕ ಕ್ರಮವಿಧಿಯ ಕೆಲಸ. ಎರಡು ಲಿಪಿಗಳಿಗೂ ಒಂದೇ ಸಂಕೇತಾವಳಿಯಲ್ಲಿ ಪ್ರತ್ಯೇಕ ಸ್ಥಾನವಿತ್ತ ಯೂನಿಕೋಡ್ ಪ್ರಕಟವಾದುದೂ ಅದೇ ವರ್ಷ. ಅದನ್ನು ನೇರವಾಗಿ ಓದಬಲ್ಲ ಜೀಟೆಕ್ ಎಂಬುದನ್ನು 2004ರಲ್ಲಿ ಜೋನಥನ್ ಕ್ಯೂ ಅವರು ಹೊರತಂದ ಮೇಲೆ ರೋಮನ್ ವೇಷದ ಅಗತ್ಯ ತಪ್ಪಿತು.

ಅಳತೆಯ ಪ್ರಶ್ನೆ ಮಾತ್ರ ತಪ್ಪಲಿಲ್ಲ. ಓಪನ್‌ಟೈಪ್ ಅಕ್ಷರಗಳ ಕೋಷ್ಟಕದಲ್ಲಿ ತೂಗುರೇಖೆಗೂ ಒಂದು ಸ್ಥಾನವನ್ನು ಕಲ್ಪಿಸಿರುವುದು ನಿಜ. ಆದರೆ ಸಾಮಾನ್ಯವಾಗಿ ಜೋಡಣೆ ನಡೆಯುವುದು ಆಧಾರರೇಖೆಯ ಮೇಲೆಯೇ. ನಾಗರಿಯ ಗಾತ್ರವನ್ನು ಇಂಗ್ಲಿಷಿಗೆ ಹೊಂದಿಸುವುದೂ, ಮೇಲಿನ ಸಾಲಿನ ಉಕಾರ ಕೆಳಗಿನ ಸಾಲಿನ ಏಕಾರವನ್ನು ತಾಗದಂತೆ ಅಂತರವನ್ನು ಹೆಚ್ಚಿಸುವುದೂ ಈಗಲೂ ಜೋಡಿಸುವವನ ಕಣ್ಣಿಗೆ ಬಿಟ್ಟ ಕೆಲಸವಾಗಿದೆ.